ನೌಕಾಪಡೆ ಮುಖ್ಯಸ್ಥರಿಂದ ಅಂಡಮಾನಿನ ಲೆಫ್ಟಿನೆಂಟ್ ಗವರ್ನರ್‌ವರೆಗೆ: ಅಡ್ಮಿರಲ್ ಡಿ.ಕೆ. ಜೋಶಿ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಅಂಡಮಾನಿಗೆ ಪ್ರವಾಸ ಹೋಗಿ ಬಂದವರು, ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವವರು, ಮಗನನ್ನೋ ಮಗಳನ್ನೋ ನೌಕಾಪಡೆಗೆ ಕಳಿಸಬೇಕು ಅಂತಿರುವವರು, ಹೀಗೆ ಬೇರೆ ಬೇರೆ ಜನ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ. ಪ್ರಶ್ನೆಗಳನ್ನು ಆದಷ್ಟೂ ಅವರ ಮಾತಿನಲ್ಲೇ ಇಟ್ಟಿದ್ದೇನೆ. ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ.

## ಮೊದಲ ಪರಿಚಯ

ಯಾರು ಈ ಅಡ್ಮಿರಲ್ ಜೋಶಿ? ಹೆಸರು ಕೇಳಿದ ಹಾಗಿದೆ, ನೆನಪಾಗ್ತಿಲ್ಲ.

ಪೂರ್ತಿ ಹೆಸರು ದೇವೇಂದ್ರ ಕುಮಾರ್ ಜೋಶಿ. ಹುಟ್ಟಿದ್ದು 1954ರ ಜುಲೈ 4ರಂದು. ಉತ್ತರಾಖಂಡದ ಅಲ್ಮೋರಾ ಕಡೆಯವರು. 1974ರ ಏಪ್ರಿಲ್ 1ರಂದು ನೌಕಾಪಡೆಯ ಅಧಿಕಾರಿಯಾದರು. 2012ರ ಆಗಸ್ಟ್ 31ರಂದು ಇಡೀ ನೌಕಾಪಡೆಯ ಮುಖ್ಯಸ್ಥರಾದರು. 2014ರ ಫೆಬ್ರವರಿ 26ರಂದು ಸಬ್‌ಮರೀನ್ ದುರಂತವೊಂದರ ನೈತಿಕ ಹೊಣೆ ಹೊತ್ತು ರಾಜೀನಾಮೆ ಕೊಟ್ಟರು. ನಿಮಗೆ ಹೆಸರು ಕೇಳಿದ ಹಾಗಿರುವುದು ಬಹುಶಃ ಆ ಸುದ್ದಿಯಿಂದ. ಆಮೇಲೆ 2017ರ ಅಕ್ಟೋಬರ್ 8ರಂದು ಅಂಡಮಾನ್ ಮತ್ತು ನಿಕೋಬಾರ್ ದ್ವೀಪಗಳ ಲೆಫ್ಟಿನೆಂಟ್ ಗವರ್ನರ್ ಆಗಿ ಅಧಿಕಾರ ವಹಿಸಿಕೊಂಡರು.

ನೌಕಾಪಡೆಯಲ್ಲಿ ಅವರ ವಿಶೇಷ ಪರಿಣತಿ ಯಾವುದು?

ಶತ್ರು ಸಬ್‌ಮರೀನ್‌ಗಳನ್ನು ಹುಡುಕಿ ಹೊಡೆಯುವ ವಿದ್ಯೆ. ಇದು ಕಣ್ಣಿಗಿಂತ ಕಿವಿಗೆ ಸೇರಿದ ಕೆಲಸ. ಸಮುದ್ರದ ಒಳಗೆ ರೇಡಾರ್ ನಡೆಯುವುದಿಲ್ಲ, ಬೆಳಕೂ ಹೆಚ್ಚು ಇಳಿಯುವುದಿಲ್ಲ. ಉಳಿಯುವುದು ಶಬ್ದ ಮಾತ್ರ. ಹಡಗಿನ ಸೋನಾರ್ ನೀರಿಗೆ ಒಂದು ಶಬ್ದ ಬಿಟ್ಟು ಅದು ವಾಪಸ್ ಬರುವುದನ್ನು ಕೇಳುತ್ತದೆ, ಇಲ್ಲವೇ ಸುಮ್ನೆ ಕಿವಿಗೊಟ್ಟು ಕಾಯುತ್ತದೆ.

ಅದರಲ್ಲೂ ನಮ್ಮ ಕಡೆಯ ಬೆಚ್ಚಗಿನ ಸಮುದ್ರ ಬಹಳ ಮೋಸದ್ದು. ಬಿಸಿಲಿಗೆ ಕಾದ ಮೇಲಿನ ನೀರಿಗೂ ಕೆಳಗಿನ ತಣ್ಣನೆ ನೀರಿಗೂ ನಡುವೆ ಒಂದು ಪದರ ಇರುತ್ತದೆ. ಶಬ್ದ ಅಲ್ಲಿ ಬಾಗಿ ಬೇರೆ ದಿಕ್ಕಿಗೆ ಹೋಗಿಬಿಡುತ್ತದೆ. ಆ ಪದರದ ಕೆಳಗೆ ನಿಂತ ಸಬ್‌ಮರೀನ್ ಮೇಲಿನ ಹಡಗಿಗೆ ಕೇಳದೇ ಹೋಗಬಹುದು. ಹಾಗಾಗಿ ಈ ಕೆಲಸದವರು ನೀರಿನ ಉಷ್ಣತೆ, ಉಪ್ಪು, ಆಳ ಎಲ್ಲವನ್ನೂ ದಿನವೂ ಲೆಕ್ಕ ಹಾಕುತ್ತಲೇ ಇರಬೇಕು. ಸಬ್‌ಮರೀನ್ ಬೇಟೆಯಲ್ಲಿ ಪಳಗಿದ ಅಧಿಕಾರಿಯ ವೃತ್ತಿಜೀವನ ತಮ್ಮದೇ ಪಡೆಯ ಸಬ್‌ಮರೀನ್ ಒಂದರ ದುರಂತದಿಂದ ಮುಗಿಯಿತು ಅನ್ನುವುದನ್ನು ನೆನೆದರೆ ನನಗೆ ಈಗಲೂ ಬೇಜಾರಾಗುತ್ತದೆ.

ಯಾವ ಯಾವ ಹಡಗು, ಯಾವ ಯಾವ ಹುದ್ದೆ? ಪರೀಕ್ಷೆಗೆ ಬೇಕಿತ್ತು.

ಅವರು ನಡೆಸಿದ ಹಡಗುಗಳು ಮೂರು: ಕ್ಷಿಪಣಿ ಕಾರ್ವೆಟ್ ಐಎನ್‌ಎಸ್ ಕುಠಾರ್, ಡೆಸ್ಟ್ರಾಯರ್ ಐಎನ್‌ಎಸ್ ರಣವೀರ್, ವಿಮಾನವಾಹಕ ನೌಕೆ ಐಎನ್‌ಎಸ್ ವಿರಾಟ್. ಮೊದಲು ಸಣ್ಣ ಹಡಗು, ಆಮೇಲೆ ಅದಕ್ಕಿಂತ ದೊಡ್ಡದು, ಕೊನೆಗೆ ಎಲ್ಲಕ್ಕಿಂತ ದೊಡ್ಡದು. ಮೇಲಕ್ಕೇರುವ ಅಧಿಕಾರಿಯ ದಾರಿ ಸಾಮಾನ್ಯವಾಗಿ ಹೀಗೇ ಇರುತ್ತದೆ.

1996ರಿಂದ 1999ರವರೆಗೆ ಸಿಂಗಪುರದ ಭಾರತೀಯ ಹೈಕಮಿಷನ್‌ನಲ್ಲಿ ರಕ್ಷಣಾ ಸಲಹೆಗಾರರಾಗಿದ್ದರು. ಆಮೇಲೆ ಪೂರ್ವ ನೌಕಾದಳವನ್ನು ಮುನ್ನಡೆಸಿದರು. ಮುಂದೆ ಅಂಡಮಾನ್ ಮತ್ತು ನಿಕೋಬಾರ್ ಕಮಾಂಡ್‌ನ ಕಮಾಂಡರ್ ಇನ್ ಚೀಫ್, ಮೂರೂ ಪಡೆಗಳ ಸಮನ್ವಯ ನೋಡುವ ಇಂಟಿಗ್ರೇಟೆಡ್ ಡಿಫೆನ್ಸ್ ಸ್ಟಾಫ್ ಮುಖ್ಯಸ್ಥ, ಮುಂಬೈನ ಪಶ್ಚಿಮ ನೌಕಾ ಕಮಾಂಡ್ ಮುಖ್ಯಸ್ಥ, ಕೊನೆಗೆ ನೌಕಾಪಡೆಯ ಮುಖ್ಯಸ್ಥ. ಅಮೆರಿಕದ ನೇವಲ್ ವಾರ್ ಕಾಲೇಜು ಮತ್ತು ದೆಹಲಿಯ ನ್ಯಾಷನಲ್ ಡಿಫೆನ್ಸ್ ಕಾಲೇಜಿನಲ್ಲಿ ಓದಿದ್ದಾರೆ. ಪದಕಗಳು: ಪರಮ ವಿಶಿಷ್ಟ ಸೇವಾ, ಅತಿ ವಿಶಿಷ್ಟ ಸೇವಾ, ಯುದ್ಧ ಸೇವಾ, ನೌಸೇನಾ, ವಿಶಿಷ್ಟ ಸೇವಾ.

ಈ ಪಟ್ಟಿಯಲ್ಲಿ ಗಮನಿಸಬೇಕಾದದ್ದು ಅಂಡಮಾನ್ ಕಮಾಂಡ್. ಲೆಫ್ಟಿನೆಂಟ್ ಗವರ್ನರ್ ಆಗಿ ಅವರು ಹೋದದ್ದು ಹೊಸ ಜಾಗಕ್ಕಲ್ಲ. ಸಮವಸ್ತ್ರದಲ್ಲಿದ್ದಾಗಲೇ ಅಲ್ಲಿ ಕೆಲಸ ಮಾಡಿದ್ದರು.

ಅವರಿಗೂ ಕರ್ನಾಟಕಕ್ಕೂ ಏನಾದ್ರೂ ಸಂಬಂಧ ಇದೆಯಾ?

ಊರಿನ ಸಂಬಂಧ ಇಲ್ಲ, ಕಾರವಾರದ ಮೂಲಕ ಒಂದು ನಂಟು ಇದೆ. ಅವರು ಮುಖ್ಯಸ್ಥರಾಗಿದ್ದಾಗಲೇ, 2013ರ ನವೆಂಬರ್ 16ರಂದು, ರಷ್ಯಾದ ಸೆವೆರೊದ್ವಿನ್ಸ್ಕ್‌ನಲ್ಲಿ ವಿಮಾನವಾಹಕ ನೌಕೆ ಐಎನ್‌ಎಸ್ ವಿಕ್ರಮಾದಿತ್ಯ ನಮ್ಮ ಪಡೆಗೆ ಸೇರಿತು. 2014ರ ಜನವರಿಯಲ್ಲಿ ಆ ಹಡಗು ಬಂದು ನಿಂತಿದ್ದು ಕಾರವಾರದಲ್ಲಿ, ಸೀಬರ್ಡ್ ಯೋಜನೆಯಲ್ಲಿ ಕಟ್ಟಿದ ಐಎನ್‌ಎಸ್ ಕದಂಬ ನೆಲೆಯಲ್ಲಿ. ವಿಕ್ರಮಾದಿತ್ಯದ ತವರು ಬಂದರು ಅದೇ.

## ರಾಜೀನಾಮೆ

ಅಷ್ಟಕ್ಕೂ ಅವತ್ತು ಏನಾಯ್ತು? ಪೇಪರಲ್ಲಿ ಓದಿದ್ದು ಮರೆತುಹೋಗಿದೆ.

ಐಎನ್‌ಎಸ್ ಸಿಂಧುರತ್ನ ರಷ್ಯಾದಲ್ಲಿ ಕಟ್ಟಿದ ಕಿಲೋ ದರ್ಜೆಯ ಸಬ್‌ಮರೀನ್. ರಿಪೇರಿ ಮುಗಿಸಿ ಮುಂಬೈ ಸಮುದ್ರದಲ್ಲಿ ಪರೀಕ್ಷೆಗೆ ಇಳಿದಿತ್ತು. ಫೆಬ್ರವರಿ 26ರ ಬೆಳಗಿನ ಜಾವ ಮೂರನೇ ಕಂಪಾರ್ಟ್‌ಮೆಂಟ್‌ನಲ್ಲಿ ಹೊಗೆ ಕಾಣಿಸಿಕೊಂಡಿತು. ನಾವಿಕರು ಮಲಗುವ ಜಾಗ ಅದು. ಅದರ ಕೆಳಗೇ ಬ್ಯಾಟರಿಗಳು.

ಡೀಸೆಲ್ ಸಬ್‌ಮರೀನ್‌ನಲ್ಲಿ ನೀರಿನಡಿ ಓಡಾಟವೆಲ್ಲ ಈ ಬ್ಯಾಟರಿಗಳ ಮೇಲೆ. ನೂರಾರು ದೊಡ್ಡ ಸೆಲ್‌ಗಳು, ಅವುಗಳಿಗೆ ದಪ್ಪ ದಪ್ಪ ಕೇಬಲ್‌ಗಳು. ಅಲ್ಲಿ ಏನಾದರೂ ಸುಟ್ಟರೆ ಹೊಗೆ ಹೊರಗೆ ಹೋಗಲು ಕಿಟಕಿ ಇಲ್ಲ. ಹಾಗಾಗಿ ನಿಯಮ ಬಹಳ ಕಠಿಣ: ಇದ್ದವರನ್ನು ಹೊರಗೆ ಕಳಿಸಬೇಕು, ಆ ಕಂಪಾರ್ಟ್‌ಮೆಂಟ್‌ನ ಬಾಗಿಲನ್ನು ಗಾಳಿಯಾಡದಂತೆ ಮುಚ್ಚಬೇಕು. ಬೇಗ ಮುಚ್ಚದಿದ್ದರೆ ಇಡೀ ಹಡಗೇ ಹೋಗುತ್ತದೆ. ಅವತ್ತೂ ಮುಚ್ಚಿದರು. ಉಸಿರುಗಟ್ಟಿ ಅಸ್ವಸ್ಥರಾದ 7 ಮಂದಿಯನ್ನು ಹೆಲಿಕಾಪ್ಟರ್‌ನಲ್ಲಿ ಮುಂಬೈನ ನೌಕಾ ಆಸ್ಪತ್ರೆಗೆ ಸಾಗಿಸಿದರು. ಲೆಫ್ಟಿನೆಂಟ್ ಕಮಾಂಡರ್ ಕಪೀಶ್ ಮುವಾಲ್ ಮತ್ತು ಲೆಫ್ಟಿನೆಂಟ್ ಮನೋರಂಜನ್ ಕುಮಾರ್ ಮಾತ್ರ ಲೆಕ್ಕಕ್ಕೆ ಸಿಗಲಿಲ್ಲ. ಆಮೇಲೆ ಅವರಿಬ್ಬರ ಮೃತದೇಹಗಳು ಒಳಗೆ ಸಿಕ್ಕವು. ಇಬ್ಬರಿಗೂ ಮರಣೋತ್ತರ ಶೌರ್ಯ ಚಕ್ರ ಬಂತು.

ದುರಂತ ನಡೆದ ದಿನವೇ ಜೋಶಿ ರಾಜೀನಾಮೆ ಬರೆದರು. ಅದೇ ದಿನ ಸರ್ಕಾರ ಒಪ್ಪಿಕೊಂಡಿತು. ಅವರ ಅವಧಿ ಇನ್ನೂ ಸುಮಾರು 18 ತಿಂಗಳು ಉಳಿದಿತ್ತು.

ಸಮುದ್ರದ ಮಧ್ಯೆ ಕೇಬಲ್ ಸುಟ್ಟರೆ ದೆಹಲಿಯಲ್ಲಿ ಕೂತವರ ತಪ್ಪೇನು?

ನೇರ ತಪ್ಪು ಏನೂ ಇಲ್ಲ. ಆದರೆ ಅದು ಒಂಟಿ ಅಪಘಾತ ಆಗಿರಲಿಲ್ಲ. 2013ರ ಆಗಸ್ಟ್ 13-14ರ ನಡುರಾತ್ರಿ ಮುಂಬೈ ಡಾಕ್‌ಯಾರ್ಡ್‌ನಲ್ಲಿ ನಿಂತಿದ್ದ ಐಎನ್‌ಎಸ್ ಸಿಂಧುರಕ್ಷಕ್ ಸ್ಫೋಟಗೊಂಡು ಮುಳುಗಿತ್ತು. 18 ಮಂದಿ ಸತ್ತರು. ಅದಾದ ಮೇಲೆ ಐಎನ್‌ಎಸ್ ಕೊಂಕಣ್‌ನಲ್ಲಿ ಬೆಂಕಿ, ವಿಶಾಖಪಟ್ಟಣದ ಹತ್ತಿರ ಐಎನ್‌ಎಸ್ ಐರಾವತ್ ನೆಲಕ್ಕೆ ತಗಲಿದ್ದು, ಹೀಗೆ ಒಂದರ ಹಿಂದೆ ಒಂದು. ಒಂದು ಸಾಲಿನಲ್ಲಿ ಇಷ್ಟೆಲ್ಲ ಆದಾಗ ಯಾರಾದರೂ ಒಬ್ಬರು ಎದ್ದು ನಿಂತು "ಇದು ನನ್ನ ಪಡೆ, ಹೊಣೆ ನನ್ನದು" ಅನ್ನಬೇಕಲ್ವಾ? ಅವರು ಅಂದರು. ಅದಕ್ಕೆ ನನಗೆ ಅವರ ಬಗ್ಗೆ ಗೌರವ.

ಇನ್ನೊಂದು ಮುಖವೂ ಇದೆ. ರಾಜೀನಾಮೆ ಕೊಟ್ಟು ಕೆಲವು ತಿಂಗಳಾದ ಮೇಲೆ, 2014ರಲ್ಲೇ, ಟಿವಿ ಸಂದರ್ಶನವೊಂದರಲ್ಲಿ ಅವರು ಬಾಯಿ ಬಿಟ್ಟರು. ಅವರ ದೂರಿನ ಸಾರ ಇಷ್ಟು: ನಮ್ಮ ವ್ಯವಸ್ಥೆಯಲ್ಲಿ ಕೆಲಸ ಗೊತ್ತಿರುವವರು ಒಂದು ಕಡೆ, ಹಣ ಮಂಜೂರು ಮಾಡುವ ಅಧಿಕಾರ ಇನ್ನೊಂದು ಕಡೆ, ಅನಾಹುತ ಆದರೆ ಹೊಣೆ ಮತ್ತೊಂದು ಕಡೆ. ಸಬ್‌ಮರೀನ್ ಬ್ಯಾಟರಿ ಬದಲಿಸುವುದು, ಹಡಗನ್ನು ರಿಪೇರಿಗೆ ಹಾಕುವುದು, ಇಂಥವಕ್ಕೂ ನೌಕಾಪಡೆಗೆ ಪೂರ್ತಿ ಅಧಿಕಾರ ಇಲ್ಲ ಅನ್ನುವುದು ಅವರ ಮಾತು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಅಂಡಮಾನ್ ವಿಚಾರಕ್ಕೆ ಬಂದಾಗ ಮತ್ತೆ ಬೇಕಾಗುತ್ತದೆ.

ಅವರಿಗಿಂತ ಮೊದಲು ಯಾವ ಸೇನಾ ಮುಖ್ಯಸ್ಥರೂ ರಾಜೀನಾಮೆ ಕೊಟ್ಟಿರಲಿಲ್ವಾ? ನಮ್ಮ ತಿಮ್ಮಯ್ಯನವರು?

ಒಳ್ಳೆ ಪ್ರಶ್ನೆ. ಕೊಡಗಿನ ಜನರಲ್ ತಿಮ್ಮಯ್ಯ 1959ರಲ್ಲಿ ರಾಜೀನಾಮೆ ಬರೆದದ್ದು ನಿಜ. ಆಗ ರಕ್ಷಣಾ ಸಚಿವರಾಗಿದ್ದ ಕೃಷ್ಣ ಮೆನನ್ ಜೊತೆಗಿನ ಭಿನ್ನಾಭಿಪ್ರಾಯ ಅದಕ್ಕೆ ಕಾರಣ. ಪ್ರಧಾನಿ ನೆಹರೂ ಮನವೊಲಿಸಿದ ಮೇಲೆ ವಾಪಸ್ ತೆಗೆದುಕೊಂಡರು. ಅಡ್ಮಿರಲ್ ವಿಷ್ಣು ಭಾಗವತ್ ಅವರನ್ನು 1998ರ ಡಿಸೆಂಬರ್ 30ರಂದು ಸರ್ಕಾರವೇ ವಜಾ ಮಾಡಿತು. ಅಪಘಾತದ ನೈತಿಕ ಹೊಣೆ ಹೊತ್ತು ತಾವಾಗಿಯೇ ಕೆಳಗಿಳಿದ ನೌಕಾಪಡೆ ಮುಖ್ಯಸ್ಥರು ಜೋಶಿ ಒಬ್ಬರೇ.

ಅವರು ಹೋದ ಮೇಲೆ ನೌಕಾಪಡೆಯನ್ನು ಯಾರು ನಡೆಸಿದರು?

ಉಪ ಮುಖ್ಯಸ್ಥರಾಗಿದ್ದ ವೈಸ್ ಅಡ್ಮಿರಲ್ ಆರ್.ಕೆ. ಧೋವನ್ ಹಂಗಾಮಿಯಾಗಿ ನಡೆಸಿದರು. ಪೂರ್ಣಾವಧಿ ಮುಖ್ಯಸ್ಥರನ್ನು ನೇಮಿಸಲು ಸರ್ಕಾರಕ್ಕೆ 7 ವಾರ ಬೇಕಾಯಿತು. ಏಪ್ರಿಲ್ 17ರಂದು ಧೋವನ್ ಅವರನ್ನೇ ನೇಮಿಸಿತು. ಸೇವಾ ಹಿರಿತನದಲ್ಲಿ ಮುಂದಿದ್ದ, ಪಶ್ಚಿಮ ಕಮಾಂಡ್‌ನ ವೈಸ್ ಅಡ್ಮಿರಲ್ ಶೇಖರ್ ಸಿನ್ಹಾ ಸ್ವಯಂ ನಿವೃತ್ತಿ ಕೇಳಿದರು.

## ದ್ವೀಪದ ಹುದ್ದೆ

ಲೆಫ್ಟಿನೆಂಟ್ ಗವರ್ನರ್ ಆಗೋಕೆ ಏನು ಅರ್ಹತೆ ಬೇಕು? ನೌಕಾಪಡೆಯಲ್ಲಿದ್ದರೆ ಸಿಗುತ್ತಾ?

ಇದು ಬಡ್ತಿಯಿಂದ ಬರುವ ಹುದ್ದೆ ಅಲ್ಲ. ಸಂವಿಧಾನದ 239ನೇ ವಿಧಿಯ ಪ್ರಕಾರ ಕೇಂದ್ರಾಡಳಿತ ಪ್ರದೇಶವನ್ನು ರಾಷ್ಟ್ರಪತಿಗಳು ತಾವು ನೇಮಿಸಿದ ಆಡಳಿತಗಾರರ ಮೂಲಕ ನಡೆಸುತ್ತಾರೆ. ಆ ಆಡಳಿತಗಾರರಿಗೆ ಯಾವ ಹೆಸರು ಕೊಡಬೇಕು ಅನ್ನುವುದೂ ರಾಷ್ಟ್ರಪತಿಗಳಿಗೆ ಬಿಟ್ಟದ್ದು. ಹೆಸರು ಆರಿಸುವುದು ಕೇಂದ್ರ ಸರ್ಕಾರ. ಇಂಥ ಓದು, ಇಷ್ಟು ವರ್ಷದ ಅನುಭವ ಅಂತ ಆ ವಿಧಿಯಲ್ಲಿ ಏನೂ ಇಲ್ಲ.

ಹಾಗಾಗಿ ಅಂಡಮಾನಿಗೆ ಎಲ್ಲ ಥರದವರೂ ಹೋಗಿದ್ದಾರೆ. ಜೋಶಿಗಿಂತ ಮೊದಲು ರಾಜಕಾರಣಿ ಜಗದೀಶ್ ಮುಖಿ ಇದ್ದರು. ಅವರಿಗಿಂತ ಮೊದಲು ಭೂಸೇನೆಯ ನಿವೃತ್ತ ಲೆಫ್ಟಿನೆಂಟ್ ಜನರಲ್‌ಗಳಾದ ಎ.ಕೆ. ಸಿಂಗ್ ಮತ್ತು ಭೂಪಿಂದರ್ ಸಿಂಗ್. 1982ರವರೆಗೆ ಅಲ್ಲಿ ಚೀಫ್ ಕಮಿಷನರ್ ಇದ್ದರು. ಆ ವರ್ಷ ಲೆಫ್ಟಿನೆಂಟ್ ಗವರ್ನರ್ ಹುದ್ದೆ ಬಂತು. ಆಮೇಲೆ ನೌಕಾಪಡೆಯಿಂದ ಅಲ್ಲಿಗೆ ಬಂದ ಮೊದಲಿಗರು ಜೋಶಿ.

ನೌಕಾಪಡೆ ಮುಖ್ಯಸ್ಥರಾಗಿದ್ದವರಿಗೆ ಇದು ಹಿಂಬಡ್ತಿ ಆಗಲ್ವಾ?

ಪ್ರೋಟೋಕಾಲ್ ಲೆಕ್ಕದಲ್ಲಿ ಇಲ್ಲ. ಕೇಂದ್ರದ ಆದ್ಯತಾ ಪಟ್ಟಿಯಲ್ಲಿ ಸೇನಾ ಮುಖ್ಯಸ್ಥರು 12ನೇ ಸಾಲಿನಲ್ಲಿ ಬರುತ್ತಾರೆ. ಲೆಫ್ಟಿನೆಂಟ್ ಗವರ್ನರ್ ತಮ್ಮ ಪ್ರದೇಶದ ಒಳಗೆ 11ನೇ ಸಾಲಿನಲ್ಲಿ. ಅಂದರೆ ದ್ವೀಪದಲ್ಲಿ ಇರುವವರೆಗೆ ಒಂದು ಮೆಟ್ಟಿಲು ಮೇಲೆ.

ರಾಜ್ಯಪಾಲರಿಗೂ ಇವರಿಗೂ ಏನು ವ್ಯತ್ಯಾಸ? ಎರಡೂ ರಿಬ್ಬನ್ ಕಟ್ ಮಾಡೋ ಕೆಲಸ ತಾನೇ?

ಅಲ್ಲವೇ ಅಲ್ಲ. ಬೆಂಗಳೂರಿನಲ್ಲಿರುವ ರಾಜ್ಯಪಾಲರು ಬಹುಪಾಲು ವಿಷಯಗಳಲ್ಲಿ ಮಂತ್ರಿಮಂಡಲ ಹೇಳಿದಂತೆ ನಡೆಯಬೇಕು. ಅಂಡಮಾನಿನಲ್ಲಿ ಮಂತ್ರಿಮಂಡಲವೇ ಇಲ್ಲ. ಮುಖ್ಯಮಂತ್ರಿ ಇಲ್ಲ, ವಿಧಾನಸಭೆ ಇಲ್ಲ, ಒಬ್ಬ ಶಾಸಕರೂ ಇಲ್ಲ. ದೆಹಲಿ, ಪುದುಚೇರಿಗಳಿಗೆ ಇರುವ ವ್ಯವಸ್ಥೆ ಇಲ್ಲಿಗೆ ಬಂದಿಲ್ಲ. ಆಸ್ಪತ್ರೆ, ಶಾಲೆ, ಪೊಲೀಸ್, ಅರಣ್ಯ, ದ್ವೀಪದಿಂದ ದ್ವೀಪಕ್ಕೆ ಓಡುವ ಸರ್ಕಾರಿ ಹಡಗು, ಎಲ್ಲವೂ ಮುಖ್ಯ ಕಾರ್ಯದರ್ಶಿಯ ಮೂಲಕ ಲೆಫ್ಟಿನೆಂಟ್ ಗವರ್ನರ್ ಟೇಬಲ್ಲಿಗೆ ಹೋಗುತ್ತವೆ. ಅವರ ಮೇಲೆ ದೆಹಲಿಯ ಗೃಹ ಸಚಿವಾಲಯ.

240ನೇ ವಿಧಿಯಡಿ ರಾಷ್ಟ್ರಪತಿಗಳೇ ಈ ದ್ವೀಪಗಳಿಗೆ ನಿಯಮಾವಳಿ ಮಾಡಬಹುದು. ಅದಕ್ಕೆ ಸಂಸತ್ತಿನ ಕಾಯ್ದೆಯಷ್ಟೇ ಬಲ. ಜನ ಆರಿಸಿದವರು ಅಂದರೆ ಪಂಚಾಯತಿಯವರು, ಪುರಸಭೆಯವರು, ನಿಕೋಬಾರಿನ ಬುಡಕಟ್ಟು ಮಂಡಳಿಗಳು, ಮತ್ತು ಇಡೀ ದ್ವೀಪಸಮೂಹಕ್ಕೆ ಒಬ್ಬರೇ ಒಬ್ಬರು ಲೋಕಸಭಾ ಸದಸ್ಯರು.

ಹಾಗಾದ್ರೆ ಅಲ್ಲಿನ ಸೇನೆಯೂ ಅವರ ಕೈಯಲ್ಲೇ ಇರುತ್ತಾ?

ಇಲ್ಲ. ಈ ಗೊಂದಲ ತುಂಬ ಜನರಿಗಿದೆ. ಅಂಡಮಾನ್ ಮತ್ತು ನಿಕೋಬಾರ್ ಕಮಾಂಡ್ ಬೇರೆ, ನಾಗರಿಕ ಆಡಳಿತ ಬೇರೆ. ಕಮಾಂಡ್ ಶುರುವಾದದ್ದು 2001ರಲ್ಲಿ. ಭೂಸೇನೆ, ನೌಕಾಪಡೆ, ವಾಯುಪಡೆ ಮೂರೂ ಒಬ್ಬರ ಕೈಕೆಳಗೆ ಬಂದ ದೇಶದ ಮೊದಲ ಕಮಾಂಡ್ ಅದು. ಮೊದಲ ಮುಖ್ಯಸ್ಥರು ವೈಸ್ ಅಡ್ಮಿರಲ್ ಅರುಣ್ ಪ್ರಕಾಶ್. ಲೆಫ್ಟಿನೆಂಟ್ ಗವರ್ನರ್ ಯಾವ ಹಡಗಿಗೂ ಆದೇಶ ಕೊಡುವಂತಿಲ್ಲ.

ಆದರೆ ಜಮೀನು, ಅರಣ್ಯದ ಅನುಮತಿ, ಬಂದರು, ರಸ್ತೆ ಎಲ್ಲ ನಾಗರಿಕ ಆಡಳಿತದ ಕಡೆ. ರನ್‌ವೇ ಉದ್ದ ಮಾಡಬೇಕು ಅಂದರೂ ಕಮಾಂಡ್‌ನವರು ಅಲ್ಲಿಗೇ ಬರಬೇಕು. ಎರಡೂ ಕುರ್ಚಿಯಲ್ಲಿ ಕೂತು ನೋಡಿದವರು ಜೋಶಿ. ಅವರ ನೇಮಕದಲ್ಲಿ ಇದೂ ಲೆಕ್ಕಕ್ಕೆ ಬಂದಿರಬೇಕು ಅಂತ ನನ್ನ ಅನಿಸಿಕೆ.

ಸರ್ಕಾರಕ್ಕೆ ಈ ದ್ವೀಪಗಳ ಮೇಲೆ ಇಷ್ಟೊಂದು ಆಸಕ್ತಿ ಯಾಕೆ?

ಭೂಪಟ ತೆಗೆದು ನೋಡಿ. ದಕ್ಷಿಣದ ತುದಿ ಇಂದಿರಾ ಪಾಯಿಂಟ್ ಇಂಡೋನೇಷ್ಯಾದ ಸುಮಾತ್ರಾಕ್ಕೆ ಚೆನ್ನೈಗಿಂತ ಎಷ್ಟೋ ಹತ್ತಿರ. ಮಲಾಕ್ಕಾ ಜಲಸಂಧಿಗೆ ಹೋಗುವ, ಅಲ್ಲಿಂದ ಬರುವ ಸರಕು ಹಡಗುಗಳು ಗ್ರೇಟ್ ನಿಕೋಬಾರ್ ಪಕ್ಕದಲ್ಲೇ ಹಾದುಹೋಗುತ್ತವೆ. ಚೀನಾಕ್ಕೆ ಹೋಗುವ ತೈಲದ ದೊಡ್ಡ ಪಾಲು ಈ ದಾರಿಯಲ್ಲೇ. 2012ರಲ್ಲಿ ಗ್ರೇಟ್ ನಿಕೋಬಾರಿನ ಕ್ಯಾಂಪ್‌ಬೆಲ್ ಬೇಯಲ್ಲಿ ಐಎನ್‌ಎಸ್ ಬಾಜ್ ಎಂಬ ನೌಕಾ ವಾಯುನೆಲೆ ತೆರೆದದ್ದೂ, 2019ರ ಜನವರಿಯಲ್ಲಿ ಉತ್ತರದ ಶಿಬ್‌ಪುರದಲ್ಲಿ ಐಎನ್‌ಎಸ್ ಕೊಹಾಸಾ ಶುರುವಾದದ್ದೂ ಇದಕ್ಕೇ.

ಲಕ್ಷದ್ವೀಪಕ್ಕೂ ಹೀಗೇನಾ? ಅದು ನಮ್ಮ ಮಂಗಳೂರಿಗೆ ಹತ್ತಿರ ಅಲ್ವಾ?

ಹತ್ತಿರವೇ. ಲಕ್ಷದ್ವೀಪದ ಉತ್ತರದ ಅಮಿನ್‌ದಿವಿ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಆಡಳಿತದ ರಚನೆಯೂ ಬಹುಪಾಲು ಒಂದೇ: ವಿಧಾನಸಭೆ ಇಲ್ಲ, ಒಬ್ಬರು ಸಂಸದರು. ಅಲ್ಲಿ ಹುದ್ದೆಯ ಹೆಸರು ಮಾತ್ರ ಲೆಫ್ಟಿನೆಂಟ್ ಗವರ್ನರ್ ಅಲ್ಲ, ಅಡ್ಮಿನಿಸ್ಟ್ರೇಟರ್.

ದ್ವೀಪಕ್ಕೆ ನೌಕಾಪಡೆಯವರನ್ನೇ ಹಾಕೋದು ಹಳೇ ಪದ್ಧತಿನಾ?

ಹಡಗಿನ ಕಾಲದಲ್ಲಿ ಅದು ಸಾಮಾನ್ಯವಾಗಿತ್ತು. ಪೋರ್ಟ್ ಬ್ಲೇರ್ ಎಂಬ ಹೆಸರೇ ಆರ್ಚಿಬಾಲ್ಡ್ ಬ್ಲೇರ್ ಎಂಬ ಬಾಂಬೆ ಮರೀನ್ ಅಧಿಕಾರಿಯಿಂದ ಬಂದದ್ದು. 1789ರಲ್ಲಿ ಈಸ್ಟ್ ಇಂಡಿಯಾ ಕಂಪನಿಗಾಗಿ ಅಲ್ಲಿ ಮೊದಲ ವಸಾಹತು ಹೂಡಿದವನು ಅವನು. ಪೆಸಿಫಿಕ್‌ನ ಗುವಾಮ್ ದ್ವೀಪವನ್ನು 1899ರಿಂದ ದಶಕಗಳ ಕಾಲ ಅಮೆರಿಕದ ನೌಕಾಧಿಕಾರಿಗಳೇ ಗವರ್ನರ್‌ಗಳಾಗಿ ಆಳಿದರು. ಪೌರತ್ವಕ್ಕಾಗಿ, ನಾಗರಿಕ ಸರ್ಕಾರಕ್ಕಾಗಿ ಅಲ್ಲಿನ ಜನ ಬಹಳ ಕಾಲ ಬೇಡಿಕೆ ಇಟ್ಟು ಅದನ್ನು 1950ರ ಹೊತ್ತಿಗೆ ಪಡೆದರು. ಸ್ವತಂತ್ರ ಭಾರತದ ಅಂಡಮಾನಿನಲ್ಲಿ ಮಾತ್ರ ಸೇನೆಗಳಿಂದ ಬಂದವರಲ್ಲಿ ಭೂಸೇನೆಯವರೇ ಜಾಸ್ತಿ.

## ಅವರ ಅವಧಿಯಲ್ಲಿ ಏನೇನಾಯ್ತು

ನಾವು ಹೋದಾಗ ಅಲ್ಲಿ ಇಂಟರ್ನೆಟ್ಟೇ ಬರ್ತಿರಲಿಲ್ಲ. ಈಗ ಸರಿಯಾಗಿದೆಯಂತೆ, ನಿಜವೇ?

ನಿಜ. ನನ್ನ ಪ್ರಕಾರ ದ್ವೀಪದ ಜನರ ದಿನದ ಬದುಕನ್ನು ಅತಿ ಹೆಚ್ಚು ಬದಲಿಸಿದ್ದು ಇದೇ. ಮೊದಲು ಎಲ್ಲ ಉಪಗ್ರಹದ ಮೂಲಕ ಬರುತ್ತಿತ್ತು. ಇದ್ದ ಅಲ್ಪಸ್ವಲ್ಪವನ್ನು ಎಲ್ಲರೂ ಹಂಚಿಕೊಳ್ಳಬೇಕಿತ್ತು. ವಿದ್ಯಾರ್ಥಿಗಳು ಅರ್ಜಿ ಹಾಕಲೂ ಪರದಾಡುತ್ತಿದ್ದರು. 2020ರ ಆಗಸ್ಟ್ 10ರಂದು ಚೆನ್ನೈನಿಂದ ಸಮುದ್ರದಡಿ ಹಾಕಿದ ಆಪ್ಟಿಕಲ್ ಫೈಬರ್ ಕೇಬಲ್ ಉದ್ಘಾಟನೆಯಾಯಿತು. ಸುಮಾರು 2,300 ಕಿ.ಮೀ. ಉದ್ದ, ಸುಮಾರು 1,224 ಕೋಟಿ ರೂಪಾಯಿ ಖರ್ಚು. ಪೋರ್ಟ್ ಬ್ಲೇರ್ ಜೊತೆಗೆ ಸ್ವರಾಜ್ ದ್ವೀಪ್, ಲಿಟಲ್ ಅಂಡಮಾನ್, ಕಾರ್ ನಿಕೋಬಾರ್, ಕಾಮೋರ್ಟಾ, ಗ್ರೇಟ್ ನಿಕೋಬಾರ್, ಲಾಂಗ್ ಐಲ್ಯಾಂಡ್, ರಂಗತ್‌ಗಳಿಗೂ ತಲುಪಿದೆ. ಇದು ಕೇಂದ್ರದ ಯೋಜನೆ. ಹಣವೂ ದೆಹಲಿಯದ್ದೇ.

ಹ್ಯಾವ್ಲಾಕ್‌ಗೆ ಟಿಕೆಟ್ ಹುಡುಕಿದ್ರೆ ಬೇರೆ ಹೆಸರು ಬರುತ್ತೆ. ಯಾವುದು ಯಾವುದು?

2018ರ ಡಿಸೆಂಬರ್ 30ರಂದು ಪ್ರಧಾನಿ ಮೋದಿ ಮೂರು ಹೆಸರು ಬದಲಿಸಿದರು. ಹ್ಯಾವ್ಲಾಕ್ ಈಗ ಸ್ವರಾಜ್ ದ್ವೀಪ್, ನೀಲ್ ಈಗ ಶಹೀದ್ ದ್ವೀಪ್, ರಾಸ್ ಈಗ ನೇತಾಜಿ ಸುಭಾಷ್ ಚಂದ್ರ ಬೋಸ್ ದ್ವೀಪ್. ನೇತಾಜಿ 1943ರ ಡಿಸೆಂಬರ್ ಕೊನೆಯಲ್ಲಿ ಪೋರ್ಟ್ ಬ್ಲೇರ್‌ನಲ್ಲಿ ತ್ರಿವರ್ಣ ಧ್ವಜ ಹಾರಿಸಿ 75 ವರ್ಷ ಆದ ನೆನಪಿಗೆ ಇದು. 2023ರ ಜನವರಿ 23ರಂದು ಹೆಸರಿಲ್ಲದ 21 ದೊಡ್ಡ ದ್ವೀಪಗಳಿಗೆ ಪರಮವೀರ ಚಕ್ರ ಪಡೆದ ಯೋಧರ ಹೆಸರಿಟ್ಟರು. 2024ರ ಸೆಪ್ಟೆಂಬರ್‌ನಲ್ಲಿ ಪೋರ್ಟ್ ಬ್ಲೇರ್ ಶ್ರೀ ವಿಜಯ ಪುರಂ ಆಯಿತು.

ಸೆಂಟಿನೆಲ್ ದ್ವೀಪಕ್ಕೆ ಹೋದ ಅಮೆರಿಕದವನು ಸತ್ತಿದ್ದು ಇವರ ಕಾಲದಲ್ಲೇ ಅಲ್ವಾ? ಅವನನ್ನು ಬಿಟ್ಟಿದ್ದು ಯಾರು?

ಯಾರೂ ಬಿಟ್ಟದ್ದಲ್ಲ, ಕದ್ದು ಹೋದದ್ದು. 2018ರ ನವೆಂಬರ್‌ನಲ್ಲಿ ಜಾನ್ ಅಲೆನ್ ಚೌ ಎಂಬ 26 ವರ್ಷದ ಯುವಕ ಮೀನುಗಾರರಿಗೆ ದುಡ್ಡು ಕೊಟ್ಟು ರಾತ್ರಿ ಹೊತ್ತಲ್ಲಿ ನಾರ್ತ್ ಸೆಂಟಿನೆಲ್ ಹತ್ತಿರ ಹೋದ. ಹೊರಗಿನವರನ್ನು ಹತ್ತಿರ ಬಿಡದ ಅಲ್ಲಿನ ಬುಡಕಟ್ಟು ಜನ ಕೊಂದರು. ಕರೆದೊಯ್ದವರನ್ನು ಪೊಲೀಸರು ಬಂಧಿಸಿದರು.

ಗೊಂದಲ ಹುಟ್ಟಿದ್ದು ಯಾಕೆಂದರೆ, ಅದಕ್ಕೆ ಕೆಲವೇ ತಿಂಗಳ ಮುಂಚೆ ಕೇಂದ್ರ ಸರ್ಕಾರ 29 ದ್ವೀಪಗಳಿಗೆ ವಿದೇಶಿಯರ ವಿಶೇಷ ಪರವಾನಗಿ ನಿಯಮವನ್ನು ಸಡಿಲಿಸಿತ್ತು. ಆ ಪಟ್ಟಿಯಲ್ಲಿ ನಾರ್ತ್ ಸೆಂಟಿನೆಲ್ ಕೂಡ ಇತ್ತು. ಅದನ್ನು ಸೇರಿಸಿದ್ದು ಸರಿಯಲ್ಲ ಅಂತಲೇ ನಾನು ಹೇಳುತ್ತೇನೆ. ಆದರೆ 1956ರ ಮೂಲನಿವಾಸಿ ಬುಡಕಟ್ಟುಗಳ ರಕ್ಷಣಾ ನಿಯಮಾವಳಿ ಬೇರೆಯೇ ಇದೆ. ಅದರ ಪ್ರಕಾರ ಅಲ್ಲಿಗೆ ಕಾಲಿಡುವುದು ಆಗಲೂ ಅಪರಾಧ, ಈಗಲೂ ಅಪರಾಧ. ಶವ ತರಲು ಆಡಳಿತ ಹೋಗಲಿಲ್ಲ. ಹೊರಗಿನವರ ಒಂದು ಸಣ್ಣ ನೆಗಡಿಯೂ ಆ ಜನಕ್ಕೆ ಪ್ರಾಣಾಪಾಯ. ಹೋಗದೇ ಇದ್ದದ್ದು ಸರಿಯಾದ ತೀರ್ಮಾನ.

ಹೈಕೋರ್ಟ್ ಅವರಿಗೆ ದಂಡ ಹಾಕಿತ್ತಂತೆ?

ಹೌದು. ದ್ವೀಪಗಳು ಕಲ್ಕತ್ತಾ ಹೈಕೋರ್ಟ್ ವ್ಯಾಪ್ತಿಗೆ ಬರುತ್ತವೆ. ದಿನಗೂಲಿ ನೌಕರರಿಗೆ ಕೊಡಬೇಕಾದ ಸವಲತ್ತಿನ ಬಗ್ಗೆ ತಾನು ಕೊಟ್ಟ ಆದೇಶ ಪಾಲನೆಯಾಗಿಲ್ಲ ಅಂತ 2023ರ ಆಗಸ್ಟ್‌ನಲ್ಲಿ ಅದರ ಪೋರ್ಟ್ ಬ್ಲೇರ್ ಪೀಠ ಮುಖ್ಯ ಕಾರ್ಯದರ್ಶಿಯನ್ನು ಅಮಾನತು ಮಾಡಿತು, ಲೆಫ್ಟಿನೆಂಟ್ ಗವರ್ನರ್‌ಗೆ 5 ಲಕ್ಷ ರೂಪಾಯಿ ದಂಡ ಹಾಕಿತು. ಮಾರನೇ ದಿನವೇ ಸುಪ್ರೀಂ ಕೋರ್ಟ್ ಆ ಆದೇಶಕ್ಕೆ ತಡೆ ಕೊಟ್ಟಿತು. ದಂಡ ಸರಿಯೋ ತಪ್ಪೋ ಅನ್ನುವುದಕ್ಕಿಂತ ನನಗೆ ಕಾಣುವುದು ಬೇರೆ. ಕೂಲಿಯ ಜಗಳ ತಗೊಂಡು ಹೋಗಲು ಶಾಸಕರ ಮನೆ ಬಾಗಿಲು ಇಲ್ಲದ ಕಡೆ ಜನಕ್ಕೆ ಉಳಿಯುವುದು ಕೋರ್ಟಿನ ಮೆಟ್ಟಿಲು.

## ಸ್ವಲ್ಪ ಕಷ್ಟದ ಪ್ರಶ್ನೆಗಳು

ಗ್ರೇಟ್ ನಿಕೋಬಾರ್ ಯೋಜನೆಗೆ ಇಷ್ಟು ವಿರೋಧ ಯಾಕೆ? ಬಂದರು ಬಂದ್ರೆ ಒಳ್ಳೇದಲ್ವಾ?

ಬಂದರು ಬೇಕು ಅನ್ನುವ ವಾದದಲ್ಲಿ ತೂಕ ಇದೆ. ನಮ್ಮ ಕಂಟೇನರ್‌ಗಳಲ್ಲಿ ಬಹಳಷ್ಟು ಇವತ್ತಿಗೂ ಕೊಲಂಬೊ, ಸಿಂಗಪುರದಲ್ಲಿ ಹಡಗು ಬದಲಿಸುತ್ತವೆ. ಗಲಾಥಿಯಾ ಕೊಲ್ಲಿಯಲ್ಲಿ ಬಂದರು, ಜೊತೆಗೆ ವಿಮಾನ ನಿಲ್ದಾಣ, ವಿದ್ಯುತ್ ಸ್ಥಾವರ, ಹೊಸ ಊರು, ಎಲ್ಲ ಸೇರಿ ಶುರುವಿಗೆ ಸುಮಾರು 72,000 ಕೋಟಿ ರೂಪಾಯಿಯ ಅಂದಾಜು. 2022ರ ನವೆಂಬರ್‌ನಲ್ಲಿ ಪರಿಸರ ಅನುಮತಿ ಸಿಕ್ಕಿತು.

ಈಗ ಇನ್ನೊಂದು ಕಡೆ ನೋಡಿ. ಸುಮಾರು 130 ಚದರ ಕಿ.ಮೀ. ಮಳೆಕಾಡು ಹೋಗುತ್ತದೆ. ಸರ್ಕಾರ ಸಂಸತ್ತಿನಲ್ಲಿ ಕೊಟ್ಟ ಅಂದಾಜಿನಲ್ಲೇ 9.64 ಲಕ್ಷ ಮರ. ಅದಕ್ಕೆ ಬದಲಿ ಕಾಡು ಬೆಳೆಸುವುದು ಹರಿಯಾಣದಲ್ಲಂತೆ! ಗಲಾಥಿಯಾ ಕಡಲತೀರ ಲೆದರ್‌ಬ್ಯಾಕ್ ಆಮೆ ಮೊಟ್ಟೆ ಇಡುವ ಜಾಗ. ಕಡಲಾಮೆಗಳಲ್ಲೇ ಅತಿ ದೊಡ್ಡದು ಅದು. ಆ ಕೊಲ್ಲಿಗಿದ್ದ ವನ್ಯಧಾಮದ ಸ್ಥಾನಮಾನವನ್ನು 2021ರಲ್ಲಿ ತೆಗೆದರು. ಕಾಡಿನ ಒಳಗೆ ಶೋಂಪೆನ್ ಜನ ಇದ್ದಾರೆ, ಹೊರಗಿನವರ ಜೊತೆ ಹೆಚ್ಚು ಬೆರೆಯದವರು. 2004ರ ಸುನಾಮಿಯಲ್ಲಿ ಕರಾವಳಿಯ ಊರು ಕಳೆದುಕೊಂಡ ನಿಕೋಬಾರಿಗಳನ್ನು ಕ್ಯಾಂಪ್‌ಬೆಲ್ ಬೇ ಹತ್ತಿರದ ಕಾಲೊನಿಗಳಿಗೆ ತಂದಿಟ್ಟಿದ್ದಾರೆ. ತಮ್ಮ ಹಳೇ ಊರಿಗೆ ವಾಪಸ್ ಹೋಗಬೇಕು ಅಂತ ಅವರು ಕೇಳುತ್ತಲೇ ಇದ್ದಾರೆ. ಅವರ ಬುಡಕಟ್ಟು ಮಂಡಳಿ ಮೊದಲು ಕೊಟ್ಟಿದ್ದ ಒಪ್ಪಿಗೆಯನ್ನು 2022ರ ನವೆಂಬರ್‌ನಲ್ಲಿ ಹಿಂದಕ್ಕೆ ಪಡೆಯಿತು. ತಮಗೆ ಪೂರ್ತಿ ವಿವರ ಕೊಟ್ಟಿರಲಿಲ್ಲ ಅನ್ನುವುದು ಅವರ ದೂರು.

ಕಾರವಾರ, ಅಂಕೋಲಾದವರಿಗೆ ಈ ಕಥೆ ಹೊಸದೇನಲ್ಲ. ಸೀಬರ್ಡ್‌ಗೆ ಊರು ಬಿಟ್ಟುಕೊಟ್ಟವರು ಪರಿಹಾರಕ್ಕೆ ಸುಪ್ರೀಂ ಕೋರ್ಟಿನವರೆಗೆ ಅಲೆದರು. ಆದರೂ ಅವರ ಪರವಾಗಿ ವಿಧಾನಸಭೆಯಲ್ಲಿ ಎದ್ದು ನಿಂತು ಕೇಳಲು ಶಾಸಕರಿದ್ದರು. ಗ್ರೇಟ್ ನಿಕೋಬಾರಿನವರಿಗೆ ಅದೂ ಇಲ್ಲ.

ಇದರಲ್ಲಿ ಜೋಶಿಯವರ ಪಾತ್ರ ಎಷ್ಟು? ಎಲ್ಲ ದೆಹಲಿಯಲ್ಲೇ ತೀರ್ಮಾನ ಆಗೋದಲ್ವಾ?

ಯೋಜನೆ ಹುಟ್ಟಿದ್ದು ನೀತಿ ಆಯೋಗದಲ್ಲಿ, ಅನುಮತಿ ಕೊಟ್ಟದ್ದು ಪರಿಸರ ಸಚಿವಾಲಯ. ಜಾರಿ ಮಾಡುವುದು ಮಾತ್ರ ದ್ವೀಪದ ಆಡಳಿತದ ಕೈಕೆಳಗಿನ ಅಭಿವೃದ್ಧಿ ನಿಗಮ. ಹೀಗಾಗಿ ಒಂದು ವಿಚಿತ್ರ ಸ್ಥಿತಿ. ದೆಹಲಿಯನ್ನು ಕೇಳಿದರೆ ಸ್ಥಳದ ವಿಚಾರ ದ್ವೀಪದವರನ್ನು ಕೇಳಿ ಅನ್ನಬಹುದು. ದ್ವೀಪದಲ್ಲಿ ಕೇಳಿದರೆ ನಿರ್ಧಾರ ಮೇಲಿನದು ಅನ್ನಬಹುದು.

2014ರಲ್ಲಿ ಜೋಶಿ ನೌಕಾಪಡೆಯ ಬಗ್ಗೆ ಹೇಳಿದ್ದು ಇದನ್ನೇ ಅಲ್ವಾ? ಅಧಿಕಾರ ಒಂದು ಕಡೆ, ಹೊಣೆ ಇನ್ನೊಂದು ಕಡೆ. ಈಗ ಅಂಥದ್ದೇ ವ್ಯವಸ್ಥೆಯ ನಡುವೆ ಅವರು ಕೂತಿದ್ದಾರೆ. ಇದಕ್ಕೆ ಅವರೊಬ್ಬರನ್ನೇ ದೂರುವುದು ನ್ಯಾಯ ಅಲ್ಲ, ಈ ವ್ಯವಸ್ಥೆ ಅವರಿಗಿಂತ ಮೊದಲಿನದು. ಆದರೆ ಅದರ ದೋಷವನ್ನು ಅವರಷ್ಟು ಹತ್ತಿರದಿಂದ ಅನುಭವಿಸಿ, ಬಹಿರಂಗವಾಗಿ ಹೇಳಿದವರು ಈ ಹುದ್ದೆಗೆ ಬೇರೆ ಯಾರೂ ಬಂದಿಲ್ಲ. ಅದಕ್ಕೇ ಅವರಿಂದ ನನಗೆ ನಿರೀಕ್ಷೆ ಜಾಸ್ತಿ. ನಿಕೋಬಾರಿಗಳ ಒಪ್ಪಿಗೆ ವಿಚಾರದಲ್ಲಿ ದ್ವೀಪದ ಆಡಳಿತವೇ ಮುಂದೆ ಬಂದು ಆ ಜನರ ಮುಂದೆ ಕೂತು ಉತ್ತರ ಕೊಡಬೇಕಿತ್ತು.

ಇಷ್ಟು ವರ್ಷ ಒಬ್ಬರೇ ಇರಬಹುದಾ? ಅವಧಿ ಅಂತ ಇಲ್ವಾ?

ನಿಗದಿತ ಅವಧಿ ಇಲ್ಲ. ರಾಷ್ಟ್ರಪತಿಗಳ ಆದೇಶ ಇರುವವರೆಗೆ ಇರಬಹುದು. ಭೂಪಿಂದರ್ ಸಿಂಗ್ 2006ರ ಕೊನೆಯಿಂದ 2013ರ ಮಧ್ಯದವರೆಗೆ ಇದ್ದರು. ಜೋಶಿ 7 ವರ್ಷ ದಾಟಿ ಅವರನ್ನೂ ಹಿಂದಿಕ್ಕಿದರು. ಒಬ್ಬರೇ ಜಾಸ್ತಿ ದಿನ ಇದ್ದರೆ ಕೆಲಸ ಅರ್ಧಕ್ಕೆ ನಿಲ್ಲುವುದಿಲ್ಲ, ನಿಜ. ಆದರೆ ಆ ಅವಧಿಯಲ್ಲಿ ಜನ ಅವರನ್ನು ಮತದಿಂದ ಅಳೆಯುವ ಅವಕಾಶ ಒಮ್ಮೆಯೂ ಬರುವುದಿಲ್ಲ.

ಹಾಗಾದ್ರೆ ಅಂಡಮಾನಿಗೂ ವಿಧಾನಸಭೆ ಕೊಡಬಾರದಾ?

ದ್ವೀಪದಲ್ಲಿ ಈ ಬೇಡಿಕೆ ಹಳೆಯದು. ಅದಕ್ಕೆ ಸಂಸತ್ತೇ ಕಾನೂನು ತರಬೇಕು. ಎದುರು ವಾದ ಎರಡು: 2011ರ ಜನಗಣತಿಯಲ್ಲಿ ಅಲ್ಲಿದ್ದವರು ಸುಮಾರು 3.8 ಲಕ್ಷ ಮಾತ್ರ, ಮತ್ತು ಅದು ಗಡಿಯ ಸೂಕ್ಷ್ಮ ಪ್ರದೇಶ.

ಮೊದಲ ವಾದ ನನಗೆ ಒಪ್ಪಿಗೆಯಿಲ್ಲ. 1975ರಲ್ಲಿ ಸಿಕ್ಕಿಂ ರಾಜ್ಯವಾದಾಗ ಅಲ್ಲಿನ ಜನಸಂಖ್ಯೆ ಇದಕ್ಕಿಂತ ಕಡಿಮೆ ಇತ್ತು. ಅದೂ ಚೀನಾ ಗಡಿಯಲ್ಲೇ ಇದೆ, ಹಾಗಾಗಿ ಎರಡನೇ ವಾದವೂ ಪೂರ್ತಿ ನಿಲ್ಲುವುದಿಲ್ಲ. ನಿಜವಾದ ತೊಡಕು ಬೇರೆ. ದ್ವೀಪದ ಮತದಾರರಲ್ಲಿ ಬಹುಪಾಲು ಜನ ಬಂಗಾಳ, ತಮಿಳುನಾಡು, ಆಂಧ್ರ, ಕೇರಳ, ರಾಂಚಿ ಕಡೆಯಿಂದ ಬಂದು ನೆಲೆಸಿದವರು. ಮತದ ಲೆಕ್ಕದಲ್ಲೇ ಎಲ್ಲ ನಡೆದರೆ ಕೆಲವೇ ನೂರು ಜನರಿರುವ ಓಂಗಿ, ಜಾರವಾ, ಶೋಂಪೆನ್ ಬುಡಕಟ್ಟುಗಳ ಕಾಡಿಗೆ ಅಪಾಯ ಇನ್ನೂ ಜಾಸ್ತಿಯಾಗಬಹುದು. ಜಾರವಾ ಮೀಸಲು ಪ್ರದೇಶದೊಳಗೆ ಹಾದುಹೋಗುವ ಅಂಡಮಾನ್ ಟ್ರಂಕ್ ರಸ್ತೆಯ ಆ ಭಾಗವನ್ನು ಮುಚ್ಚಿ ಅಂತ ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿದರೂ ವಾಹನಗಳು ಸಾಲು ಕಟ್ಟಿಕೊಂಡು ಓಡುತ್ತಲೇ ಇದ್ದವು. ಆ ರಸ್ತೆ ಬೇಕು ಅನ್ನುವವರಲ್ಲಿ ದ್ವೀಪದ ನೆಲಸಿಗರೂ ಇದ್ದಾರೆ. ಆದ್ದರಿಂದ ವಿಧಾನಸಭೆ ಕೊಡುವುದಾದರೆ ಬುಡಕಟ್ಟು ಪ್ರದೇಶಗಳನ್ನು ಅದರ ಕೈಗೆ ಸಿಗದಂತೆ ಬೇರೆ ಇಡಬೇಕು, ನಿಕೋಬಾರಿನ ಮಂಡಳಿಗಳಿಗೆ ತಮ್ಮ ನೆಲದ ಮೇಲೆ ಬೇಡ ಅನ್ನುವ ಅಧಿಕಾರ ಕಾನೂನಿನಲ್ಲೇ ಸಿಗಬೇಕು.